ಬೇಸಿಗೆಯ ಒಂದು ಗಂಟೆ

ಓಯ್ದಿನ್ ಎಂದರೆ ಬೆಳದಿಂಗಳು. ನಕ್ಷತ್ರಗಳ ಚಿತ್ರ ತೆಗೆಯುವವರಿಗೆ ಬೆಳದಿಂಗಳಿನಷ್ಟು ಬೇಡವಾದದ್ದು ಇನ್ನೊಂದಿಲ್ಲ. ಚಂದ್ರ ಮೇಲೆದ್ದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಆದ್ದರಿಂದ ಅವಳು ಸಂಶೋಧನೆಗೆಂದು ವೀಕ್ಷಣಾಲಯಕ್ಕೆ ಬಂದ ಮೊದಲ ದಿನವೇ ಲತೋಫತ್ ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೆಸರಲ್ಲೇ ನಮ್ಮ ಕೆಲಸ ಹಾಳು ಮಾಡೋಕೆ ಬಂದಿದೀಯಲ್ಲ, ಹುಡುಗಿ," ಎಂದಿದ್ದರು.

ಫರ್ಗಾನಾ ಕಣಿವೆಯ ಆ ಊರಿನಲ್ಲಿ ವೀಕ್ಷಣಾಲಯವನ್ನು ಯಾರೂ ವೀಕ್ಷಣಾಲಯ ಎನ್ನುತ್ತಿರಲಿಲ್ಲ. ಅದು ಎಲ್ಲರಿಗೂ ಗುಮ್ಮಟ. ಗುಮ್ಮಟದವರು, ಗುಮ್ಮಟದ ಬಸ್ಸು, ಗುಮ್ಮಟದ ಹಿಂದಿನ ಏಪ್ರಿಕಾಟ್ ತೋಟ, ಹೀಗೆ. ಲತೋಫತ್ ಅಕ್ಕ ಅಲ್ಲಿ ತಮ್ಮ ಆಯುಸ್ಸಿನ ಬಹುಪಾಲನ್ನು ದೂರದರ್ಶಕದ ಕೆಳಗೆ ಕಳೆದವರು. ಗಾಜಿನ ಫಲಕಗಳ ಮೇಲೆ ಆಕಾಶದ ಚಿತ್ರ ತೆಗೆದು, ತೊಳೆದು, ಒಣಗಿಸಿ, ಕಾಗದದ ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಎಷ್ಟು ಗಂಟೆಗೆ ತೆಗೆದದ್ದು ಎಂದು ದುಂಡಗೆ ಬರೆದು ಕಪಾಟಿನಲ್ಲಿ ನಿಲ್ಲಿಸಿದವರು. ಗಾಜಿನ ಕಾಲ ಮುಗಿದು ನಿವೃತ್ತಿಯೂ ಆದ ಮೇಲೆ ಅವರು ಮನೆಯಲ್ಲಿ ಕೂರಲಿಲ್ಲ. ದಿನವೂ ಬಂದು ಫಲಕದ ಕೋಣೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಯಾರು ಯಾವ ಫಲಕವನ್ನು ಹೇಗೆ ಹಿಡಿಯುತ್ತಾರೆ ಎಂದು ನೋಡುತ್ತಿದ್ದರು. ಒಳ್ಳೆಯವರು ಎಂದು ಅವರನ್ನು ಯಾರೂ ಹೇಳುತ್ತಿರಲಿಲ್ಲ. ಅವರ ನಾಲಿಗೆಗೆ ಸಿಕ್ಕಿ ಇಬ್ಬರು ಹುಡುಗರು ಸಂಶೋಧನೆ ಬಿಟ್ಟಿದ್ದರು. ಒಬ್ಬ ಟ್ಯಾಕ್ಸಿ ಓಡಿಸುತ್ತಿದ್ದ, ಇನ್ನೊಬ್ಬ ರಷ್ಯಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದ.

ಓಯ್ದಿನ್ ಬಿಡಲಿಲ್ಲ. ಬಿಟ್ಟು ಹೋಗಲು ಅವಳಿಗೆ ಬೇರೆ ಜಾಗವಿರಲಿಲ್ಲ. ಹಗಲು ರೊಟ್ಟಿ ಕಾರ್ಖಾನೆಯಲ್ಲಿ ಹಿಟ್ಟಿನ ಯಂತ್ರ ನೋಡಿಕೊಂಡು, ಸಂಜೆ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿತವಳು ಅವಳು. ಸಂಜೆ ತರಗತಿಗೆ ಪಾಠ ಹೇಳಲು ಬರುವವರು ಹಗಲೆಲ್ಲ ಮಾತಾಡಿ ದಣಿದಿರುತ್ತಿದ್ದರು, ಪುಸ್ತಕದ ಅರ್ಧ ಬಿಡುತ್ತಿದ್ದರು. ಬಿಟ್ಟ ಅರ್ಧದಲ್ಲಿ ಏನಿತ್ತೋ ಎಂಬ ಭಯ ಅವಳನ್ನು ಆಮೇಲೂ ಬಿಡಲಿಲ್ಲ. ಹಾಗಾಗಿ ಒಂದು ಲೆಕ್ಕವನ್ನು ಮೂರು ಸಲ ಮಾಡುತ್ತಿದ್ದಳು. ಸರಿಪಡಿಸಬೇಕಾದದ್ದು ಏನಾದರೂ ಇದೆಯೇ ಎಂದು ಹುಡುಕುತ್ತಿದ್ದಳು, ಇಲ್ಲದಿದ್ದರೂ ಇರಬಹುದು ಎಂದುಕೊಳ್ಳುತ್ತಿದ್ದಳು. ಲತೋಫತ್ ಅಕ್ಕ ಅವಳನ್ನು 'ಸಂಜೆ ಹುಟ್ಟಿದ ವಿಜ್ಞಾನಿ' ಎಂದು ಕರೆಯುತ್ತಿದ್ದರು. ಅವಳ ಮುಂದೆಯೇ.

ನಿರ್ದೇಶಕರಾದ ಎರ್ಗಾಶ್ ಅವರೇ ಅವಳ ಮಾರ್ಗದರ್ಶಕರು. ಗುರುಗಳಿಗೆ ಅಲ್ಲಿ ದೊಮ್ಲಾ ಎನ್ನುತ್ತಾರೆ. ಎರ್ಗಾಶ್ ದೊಮ್ಲಾ ಅವಳಿಗೆ ಒಂದು ಜೋಡಿ ನಕ್ಷತ್ರವನ್ನು ವಿಷಯವಾಗಿ ಕೊಟ್ಟರು. ಬೇಸಿಗೆಯಲ್ಲಿ ಮಾತ್ರ ನೆತ್ತಿಯ ಮೇಲೆ ಬರುವ ಜೋಡಿ. ಒಂದು ಇನ್ನೊಂದರ ಸುತ್ತ ತಿರುಗುತ್ತ, ಅಡ್ಡ ಬಂದಾಗಲೆಲ್ಲ ಬೆಳಕು ಕುಗ್ಗುತ್ತದೆ. ಕುಗ್ಗುವುದು ಗಡಿಯಾರದ ಹಾಗೆ ನಿಗದಿತ ಹೊತ್ತಿಗೆ. ಅಕ್ಕ ತೆಗೆದ ಹಳೆಯ ಫಲಕಗಳಲ್ಲಿ ಆ ಕುಗ್ಗಿದ ಹೊತ್ತುಗಳನ್ನು ಹುಡುಕಿ, ಅದು ನಿಜವಾಗಿ ನಿಗದಿಯಂತೆ ನಡೆಯುತ್ತಿದೆಯೇ ಎಂದು ನೋಡಬೇಕು. ಓಯ್ದಿನ್ ಫಲಕವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಕತ್ತು ಬಗ್ಗಿಸಿ, ಮಸೂರದಲ್ಲಿ ಕಣ್ಣಿಟ್ಟು ವರ್ಷಗಟ್ಟಲೆ ಕೂತಳು.

ಆ ಕೆಲಸದಲ್ಲಿ ಒಂದು ತೊಡಕು ಬಂತು. ಸೋವಿಯತ್ ಕಾಲದಲ್ಲಿ, ಎಂಬತ್ತೊಂದನೇ ಇಸವಿಯಿಂದ, ಬೇಸಿಗೆ ಬಂದರೆ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು ಎಂದು ಮಾಸ್ಕೋದಿಂದ ಆಜ್ಞೆ ಬಂದಿತ್ತು. ಒಕ್ಕೂಟ ಮುರಿದ ಮೇಲೆ ಅದು ನಿಂತಿತು. ಹಾಗಾದರೆ ಆ ಹತ್ತು ಬೇಸಿಗೆಗಳ ಲಕೋಟೆಗಳ ಮೇಲೆ ಬರೆದಿರುವ ಹೊತ್ತು ಯಾವ ಗಡಿಯಾರದ್ದು? ಬೇರೆ ಯಾರಿಗೂ ಹೊಳೆಯದ ಪ್ರಶ್ನೆ ತನಗೆ ಹೊಳೆಯಿತೆಂದು ಓಯ್ದಿನ್‌ಗೆ ಒಳಗೊಳಗೇ ಹೆಮ್ಮೆಯಾಯಿತು. ಅವಳು ಕಿಟಕಿಯ ಹತ್ತಿರ ಹೋಗಿ, ಗುಮ್ಮಟದ ಗಡಿಯಾರವನ್ನೂ ಬೇಸಿಗೆಗೆ ತಿರುಗಿಸುತ್ತಿದ್ದಿರಾ ಎಂದು ಅಕ್ಕನನ್ನು ಕೇಳಿದಳು.

ಅಕ್ಕ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಸರ್ಕಾರ ತಿರುಗ್ಸು ಅಂದ್ಮೇಲೆ ತಿರುಗಿಸ್ದೆ ಇರೋಕೆ ನಾನ್ಯಾವ ದೊಡ್ಡ ಮನುಷ್ಯಳು, ಮಗಳೇ?"

ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಲತೋಫತ್ ಅಕ್ಕ ಹೀಗೆ ಮಾತಾಡಿದರೆ ಅದರ ತಿರುವುಮುರುವನ್ನು ತೆಗೆದುಕೊಳ್ಳಬೇಕು ಎಂದು. ಆದರೆ ಓಯ್ದಿನ್, ಕೇಳಿದವರಿಗೆ ನೇರ ಉತ್ತರ ಕೊಡುವ ಮನೆಯಲ್ಲಿ ಬೆಳೆದವಳು. ಹತ್ತು ಬೇಸಿಗೆಗಳ ಪ್ರತಿ ಫಲಕದಿಂದಲೂ ಒಂದು ಗಂಟೆ ಕಳೆದಳು.

ಕಳೆದ ಮೇಲೆ ಅದ್ಭುತವೊಂದು ಕಾಣಿಸಿತು. ಆ ಹತ್ತು ಬೇಸಿಗೆಗಳಲ್ಲಿ ಜೋಡಿಯ ಬೆಳಕು ನಿಗದಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮುಂಚೆಯೇ ಕುಗ್ಗುತ್ತಿತ್ತು. ಮುಂಚಿನ ವರ್ಷಗಳಲ್ಲಿ ಹಾಗಿಲ್ಲ, ನಂತರವೂ ಹಾಗಿಲ್ಲ. ಬೆಳಕು ಮುಂಚೆ ತಲುಪಬೇಕಾದರೆ ಜೋಡಿ ನಮ್ಮ ಕಡೆಗೆ ಸರಿದಿರಬೇಕು. ಸರಿಯಬೇಕಾದರೆ ಕಣ್ಣಿಗೆ ಕಾಣದ ಮೂರನೆಯದೊಂದು ನಕ್ಷತ್ರ ಅದನ್ನು ಎಳೆದಿರಬೇಕು. ಎರ್ಗಾಶ್ ದೊಮ್ಲಾ ನಕ್ಷೆ ನೋಡಿ ಎದ್ದು ನಿಂತು ಅವಳ ಹಣೆಗೆ ಮುತ್ತಿಟ್ಟರು. ಕಾಣದ ನಕ್ಷತ್ರ ಕಂಡುಹಿಡಿದ ಸಂಸ್ಥೆ ಎಂದರೆ ರಾಜಧಾನಿಯಲ್ಲೂ ಮರ್ಯಾದೆ. ಅವಳಿಗೆ ಡಾಕ್ಟರೇಟಿಗೆ ಸಮನಾದ ಕ್ಯಾಂಡಿಡೇಟ್ ಪದವಿ ಖಂಡಿತ, ಆಮೇಲೆ ಗುಮ್ಮಟದಲ್ಲೇ ಕೆಲಸ, ಅವಳದೇ ಮೇಜು, ಅವಳದೇ ಬೀಗದ ಕೈ ಎಂದರು. ಅವಳ ಮಟ್ಟಿಗೆ ಅದರ ಅರ್ಥ ಒಂದೇ. ಮತ್ತೆ ಹಿಟ್ಟಿನ ಯಂತ್ರದ ಮುಂದೆ ನಿಲ್ಲಬೇಕಾಗಿಲ್ಲ.

ಹೀಗೆ ಹೇಳಿಬಿಟ್ಟರೆ ಓಯ್ದಿನ್‌ಗೆ ಏನೂ ಗೊತ್ತಿರಲಿಲ್ಲ ಎಂದಾಗುತ್ತದೆ. ಅದು ಪೂರ್ತಿ ನಿಜವಲ್ಲ. ಎರಡನೆಯ ವರ್ಷದ ಚಳಿಗಾಲದಲ್ಲಿ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ, ಮೂರು ಸಲ ಲೆಕ್ಕ ಮಾಡುವ ಅಭ್ಯಾಸದಿಂದಲೇ ಅವಳು ಆ ಒಂದು ಗಂಟೆಯನ್ನು ವಾಪಸ್ ಸೇರಿಸಿ ನೋಡಿದಳು. ಹತ್ತು ಬೇಸಿಗೆಗಳೂ ಬಂದು ಉಳಿದವುಗಳ ಸಾಲಿನಲ್ಲಿ ತೆಪ್ಪಗೆ ಕುಳಿತವು. ಮೂರನೆಯ ನಕ್ಷತ್ರ ಎಲ್ಲೂ ಇರಲಿಲ್ಲ. ಅವಳು ಕಂಪ್ಯೂಟರ್ ಆರಿಸಿ, ಎದ್ದು ಹೋಗಿ, ತೊಳೆದಿಟ್ಟಿದ್ದ ಚಹಾ ಬಟ್ಟಲುಗಳನ್ನು ಇನ್ನೊಮ್ಮೆ ತೊಳೆದಳು. ಅಕ್ಕ ತಿರುಗಿಸಿದೆ ಎಂದಿದ್ದಾರೆ, ನಾನು ಕಳೆದಿದ್ದೇನೆ, ಅಷ್ಟೇ, ಎಂದುಕೊಂಡಳು. ಇನ್ನೊಮ್ಮೆ ಕೇಳಬಹುದಿತ್ತು. ಕುರ್ಚಿ ಹತ್ತು ಹೆಜ್ಜೆ ದೂರದಲ್ಲಿತ್ತು. ಕೇಳಿದರೆ ಬೇರೆ ಉತ್ತರ ಬಂದೀತು ಎಂದು ಕೇಳಲಿಲ್ಲ.

ಇನ್ನೊಂದು ದಾರಿಯೂ ಅವಳಿಗೆ ಗೊತ್ತಿತ್ತು. ಆಕಾಶದ ಚಿತ್ರದಲ್ಲಿ ಕೆಲವೊಮ್ಮೆ ಕ್ಷುದ್ರಗ್ರಹವೊಂದು ಸಿಕ್ಕಿಬಿದ್ದಿರುತ್ತದೆ. ಅದು ನಕ್ಷತ್ರದ ಹಾಗೆ ನಿಂತಲ್ಲಿ ನಿಲ್ಲುವುದಿಲ್ಲ, ಗಂಟೆಗಂಟೆಗೂ ಸರಿಯುತ್ತದೆ. ಯಾವ ಹೊತ್ತಿನಲ್ಲಿ ಎಲ್ಲಿತ್ತು ಎಂದು ಲೆಕ್ಕ ಹಾಕಬಹುದು. ಆ ಹತ್ತು ಬೇಸಿಗೆಗಳ ಫಲಕಗಳಲ್ಲಿ ಅಂಥ ಒಂದೇ ಒಂದು ಸಿಕ್ಕಿದ್ದರೂ ಗುಮ್ಮಟದ ಗಡಿಯಾರ ಎಷ್ಟು ಹೇಳುತ್ತಿತ್ತೆಂದು ಗಾಜೇ ಹೇಳುತ್ತಿತ್ತು. ಓಯ್ದಿನ್ ಹುಡುಕಲಿಲ್ಲ. ಮಸೂರದ ಅಂಚಿನಲ್ಲಿ ಉದ್ದುದ್ದ ಚುಕ್ಕೆಯೊಂದು ಕಂಡಂತಾದರೆ ಫಲಕವನ್ನು ಸ್ವಲ್ಪ ಸರಿಸುತ್ತಿದ್ದಳು.

ಆ ವರ್ಷಗಳಲ್ಲಿ ಅಕ್ಕ ಅವಳನ್ನು ಬೈಯದ ಗಳಿಗೆಗಳೂ ಇದ್ದವು. ಅಕ್ಕನಿಗೊಬ್ಬಳು ಮಗಳಿದ್ದಳು, ಸಬೊ. ಭೌತಶಾಸ್ತ್ರ ಓದುತ್ತಿದ್ದವಳು. ಹತ್ತಿ ಬಿಡಿಸಲು ವಿದ್ಯಾರ್ಥಿಗಳನ್ನು ತುಂಬಿಕೊಂಡು ಹೋದ ಲಾರಿ ಕಾಲುವೆಗೆ ಉರುಳಿ ಸತ್ತಿದ್ದಳು. ಅವಳ ಮಾತನ್ನು ಅಕ್ಕ ಆಡುತ್ತಿರಲಿಲ್ಲ. ಆದರೆ ಇಳಿಹೊತ್ತಿನಲ್ಲಿ, ಓಯ್ದಿನ್ ಬಹಳ ಹೊತ್ತು ಬಗ್ಗಿ ಕೂತಿದ್ದರೆ, ಹಿಂದಿನಿಂದ ಬಂದು ಅವಳ ಕತ್ತಿನ ಮೇಲೆ ಅಂಗೈ ಇಟ್ಟು, "ಸಬೊ, ಕತ್ತು ಹಿಡ್ಕೊಳುತ್ತೆ, ಎದ್ದು ನಿಂತ್ಕೋ," ಎನ್ನುತ್ತಿದ್ದರು. ಬಾಯಿ ತಪ್ಪಿ ಬಂದದ್ದು ಅವರಿಗೂ ತಿಳಿಯುತ್ತಿತ್ತು. ಆಮೇಲೆ ಇಮ್ಮಡಿ ಬೈಯುತ್ತಿದ್ದರು. ಓಯ್ದಿನ್ ಆ ಹೆಸರನ್ನು ಯಾವತ್ತೂ ತಿದ್ದಲಿಲ್ಲ. ತಾಯಿಯನ್ನು ಬೇಗ ಕಳೆದುಕೊಂಡವಳಿಗೆ ಆ ಅಂಗೈ ಬೇಕಾಗಿತ್ತು.

ಪ್ರಬಂಧವನ್ನು ಮಂಡಳಿಯ ಮುಂದೆ ಸಮರ್ಥಿಸುವ ದಿನ ಬಂತು. ಗುಮ್ಮಟದಲ್ಲಿ ಅಂಥ ದಿನ ಬರುವುದೇ ಅಪರೂಪ. ಪದವಿ ಕೊಡುವ ಆ ಮಂಡಳಿಯ ಅವಧಿ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಹೊಸದನ್ನು ರಚಿಸಲು ರಾಜಧಾನಿಯಿಂದ ಯಾವಾಗ ಒಪ್ಪಿಗೆ ಬರುತ್ತದೋ, ಬರುತ್ತದೋ ಇಲ್ಲವೋ, ಯಾರೂ ಹೇಳುವಂತಿರಲಿಲ್ಲ. ಇವತ್ತು ಆದರೆ ಆಯಿತು, ಇಲ್ಲವಾದರೆ ಇಲ್ಲ, ಎಂದು ದೊಮ್ಲಾ ಅವಳಿಗೆ ಬೆಳಿಗ್ಗೆಯೇ ಹೇಳಿದ್ದರು. ಅವಳ ಅಣ್ಣ ಬೋತಿರ್ ಕಾಲುವೆ ಪಕ್ಕದ ಚಹಾಮನೆಯಲ್ಲಿ ಕಡಾಯಿ ಇಡಿಸಿದ್ದ. ಸಮರ್ಥನೆ ಮುಗಿದ ಮೇಲೆ ಮಂಡಳಿಗೆ ಪಲಾವ್ ಹಾಕದೆ ಕಳಿಸಿದವರು ಆ ಊರಿನಲ್ಲಿ ಇಲ್ಲ.

ಎಲ್ಲ ಚೆನ್ನಾಗಿಯೇ ನಡೆಯಿತು. ಓಯ್ದಿನ್ ನಕ್ಷೆಗಳನ್ನು ತೋರಿಸಿದಳು. ದೊಮ್ಲಾ ಅವಳ ಶ್ರದ್ಧೆಯನ್ನು ಹೊಗಳುತ್ತ, ಹಿಟ್ಟು ನಾದಿದ ಕೈ ಇವತ್ತು ನಕ್ಷತ್ರ ಹಿಡಿದಿದೆ ಎಂದರು, ಎಲ್ಲರೂ ತಲೆದೂಗಿದರು. ಸಮರ್ಕಂದದಿಂದ ಬಂದ ಪರೀಕ್ಷಕ ಕಮೋಲ್, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮಾತಾಡುವ ಸಣ್ಣ ಮನುಷ್ಯ, ಪ್ರಬಂಧ ಪದವಿಗೆ ಯೋಗ್ಯ ಎಂದು ಓದಿ ಕೂತ. ಕೊನೆಗೆ ಅಧ್ಯಕ್ಷರು ವಾಡಿಕೆಯಂತೆ, ಸಭೆಯಲ್ಲಿ ಬೇರೆ ಯಾರಾದರೂ ಮಾತಾಡುವುದಿದೆಯೇ ಎಂದು ಕೇಳಿದರು. ಈ ಪ್ರಶ್ನೆಗೆ ಯಾರೂ ಏಳುವುದಿಲ್ಲ. ಲತೋಫತ್ ಅಕ್ಕ ಎದ್ದರು.

ಹಬ್ಬಕ್ಕೆ ಮಾತ್ರ ತೆಗೆಯುವ ಮಖಮಲ್ಲಿನ ನಿಲುವಂಗಿ ಹಾಕಿಕೊಂಡು ಬಂದಿದ್ದರು. ಆಶೀರ್ವಾದ ಮಾಡುತ್ತಾರೆ ಎಂದೇ ಎಲ್ಲರೂ ತಿಳಿದರು.

"ನನಗೆ ಪದವಿ ಇಲ್ಲ, ಅದಕ್ಕೇ ಚಿಕ್ಕದಾಗಿ ಹೇಳ್ತೀನಿ," ಎಂದರು ಅಕ್ಕ. "ಗುಮ್ಮಟದ ಗಡಿಯಾರನ ನಾನು ಬೇಸಿಗೆಗೆ ಯಾವತ್ತೂ ತಿರುಗಿಸ್ಲಿಲ್ಲ. ಕೈಗಡಿಯಾರ ತಿರುಗಿಸ್ದೆ, ಅಡುಗೆಮನೇದು ತಿರುಗಿಸ್ದೆ. ಅದನ್ನ ಮುಟ್ಟಲಿಲ್ಲ. ಈ ಹುಡುಗಿ ಇಲ್ಲದ ಗಂಟೆ ಕಳೆದಿದಾಳೆ. ಇವಳ ಮೂರನೇ ನಕ್ಷತ್ರ ಮಾಸ್ಕೋದಿಂದ ಆಜ್ಞೆ ಬಂದಾಗ ಹುಟ್ತು, ಒಕ್ಕೂಟ ಬಿದ್ದಾಗ ಸತ್ತೋಯ್ತು. ಆಕಾಶದಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವ ಪಡೆದಿದ್ದ ನಕ್ಷತ್ರ ಇದೊಂದೇ ಇರ್ಬೇಕು."

ಮೊದಲು ಹಿಂದಿನ ಸಾಲಿನ ಯಾರೋ ನಕ್ಕರು. ಆಮೇಲೆ ಮಂಡಳಿಯ ಮುದುಕರೇ ನಕ್ಕರು. ಒಬ್ಬರಂತೂ ಕಣ್ಣೊರೆಸಿಕೊಂಡು ಪಕ್ಕದವರಿಗೆ ಅದನ್ನೇ ಇನ್ನೊಮ್ಮೆ ಹೇಳಿದರು. ಓಯ್ದಿನ್ ಕೈಯಲ್ಲಿ ತೋರುಗೋಲು ಹಿಡಿದು, ತನ್ನ ದೊಡ್ಡ ನಕ್ಷೆಯ ಪಕ್ಕ ನಿಂತಿದ್ದಳು. ನಕ್ಷೆಯಲ್ಲಿ ಎಂಬತ್ತೊಂದು ಎಂಬ ಅಂಕಿಯನ್ನು ಅವಳೇ ಕೆಂಪು ಶಾಯಿಯಲ್ಲಿ ಬರೆದಿದ್ದಳು.

ಗೊತ್ತಿದ್ದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಅಧ್ಯಕ್ಷರು ಅಕ್ಕನನ್ನು ಕೇಳಿದರು.

"ಎರಡು ವರ್ಷದಿಂದ ಕಾಯ್ತಿದ್ದೆ, ಇನ್ನೊಂದ್ಸಲ ಬಂದು ಕೇಳ್ತಾಳೆ ಅಂತ. ಕೇಳಿದ್ರೆ ಹೇಳ್ತಿದ್ದೆ. ಕೇಳಲಿಲ್ಲ." ಅಕ್ಕ ಓಯ್ದಿನ್ ಕಡೆ ನೋಡಿದರು. ಆ ನೋಟದಲ್ಲಿ ಗೆಲುವಿಗಿಂತ ಹೆಚ್ಚಾಗಿ ಚೇಷ್ಟೆಯಿತ್ತು, ಪಾಠ ಕಲಿಸಿದ ಖುಷಿಯಿತ್ತು. ಇದೊಂದು ತಪ್ಪು ಒಪ್ಪಿಕೋ, ಆಮೇಲೆ ನಾವಿಬ್ಬರೂ ಕೂತು ಸರಿಮಾಡೋಣ ಎನ್ನುವ ಹಾಗೂ ಇತ್ತು. ಒಂದು ಹುಡುಗಿಯ ಬದುಕಿನ ಅದೊಂದೇ ದಿನವನ್ನು ಪಾಠ ಕಲಿಸಲು ಆರಿಸಿಕೊಂಡದ್ದು ಅವರಿಗೆ ಕ್ರೌರ್ಯ ಎನಿಸಿರಲಿಲ್ಲ. ಅವರು ಎಲ್ಲರಿಗೂ ಹಾಗೆಯೇ ಕಲಿಸಿದ್ದರು.

ಓಯ್ದಿನ್ ತೋರುಗೋಲನ್ನು ಮೇಜಿನ ಮೇಲಿಟ್ಟಳು. ಮೆತ್ತಗೆ, ಗೌರವದಿಂದ, ತಾನು ಈ ಪ್ರಶ್ನೆಯನ್ನು ಅಕ್ಕನನ್ನೇ ಕೇಳಿದ್ದೆನೆಂದೂ, ಸರ್ಕಾರ ಹೇಳಿದ ಮೇಲೆ ತಿರುಗಿಸದೆ ಇರಲು ತಾನ್ಯಾರು ಎಂದು ಅಕ್ಕ ಉತ್ತರ ಕೊಟ್ಟಿದ್ದರೆಂದೂ ಹೇಳಿದಳು. ಅದು ಸುಳ್ಳಾಗಿರಲಿಲ್ಲ. ಅದು ತಮಾಷೆಗೆ ಅಂದದ್ದು, ಎಲ್ಲರಿಗೂ ಗೊತ್ತು ಎಂದರು ಅಕ್ಕ. ಎಲ್ಲರಿಗೂ ಗೊತ್ತಿತ್ತು. ಆದರೆ ಸಭೆಯಲ್ಲಿ ಎದ್ದು ನಿಂತು, ಹೌದು ಅಕ್ಕನ ಮಾತಿನ ಅರ್ಥ ಉಲ್ಟಾ ಎಂದು ಯಾರು ಸಾಕ್ಷಿ ಹೇಳುತ್ತಾರೆ? ನಗು ನಿಂತಿತು.

ಆಗ ಕಮೋಲ್ ಕನ್ನಡಕ ಹಣೆಗೇರಿಸಿ ಎದ್ದ. ಇದಕ್ಕೆ ಜಗಳವೇ ಬೇಡ ಎಂದ. ಆ ವರ್ಷಗಳ ಫಲಕಗಳಲ್ಲಿ ಯಾವುದಾದರೂ ಕ್ಷುದ್ರಗ್ರಹ ಸಿಕ್ಕರೆ ಗಂಟೆ ಯಾವುದೆಂದು ಖಚಿತವಾಗುತ್ತದೆ, ಕೆಲವು ವಾರಗಳ ಕೆಲಸ, ಸಮರ್ಥನೆಯನ್ನು ಮುಂದಕ್ಕೆ ಹಾಕಿದರಾಯಿತು. ಅವನು ಸಹಾಯ ಮಾಡುವ ದನಿಯಲ್ಲೇ ಹೇಳಿದ. ಮಂಡಳಿಯ ಅವಧಿ ಮುಗಿಯುತ್ತಿರುವುದು ಸಮರ್ಕಂದದವನಿಗೆ ಗೊತ್ತಿರಲಿಲ್ಲ.

ಅಧ್ಯಕ್ಷರು ಎರ್ಗಾಶ್ ದೊಮ್ಲಾ ಕಡೆ ನೋಡಿದರು. ದೊಮ್ಲಾ ಮೇಜಿನ ಮೇಲಿನ ನೀರಿನ ಹೂಜಿಯ ಕಡೆ ನೋಡಿದರು. ಅವರು ಅವಳ ಪರ ಒಂದು ಮಾತೂ ಆಡುವುದಿಲ್ಲ ಎಂದು ಓಯ್ದಿನ್‌ಗೆ ಆಗ ತಿಳಿಯಿತು. ಗೆದ್ದರೆ ಅವರ ಶಿಷ್ಯೆ, ಸೋತರೆ ಸಂಜೆ ಕಾಲೇಜಿನವಳು. ಅವಳಿಗೆ ಹಿಟ್ಟಿನ ವಾಸನೆ ಬಂದಂತಾಯಿತು, ಹುಳಿಬಂದ ಬೆಳಗಿನ ಹಿಟ್ಟು, ಮೊಣಕೈವರೆಗೂ.

"ಅಧ್ಯಕ್ಷರೇ, ಒಂದು ಮಾತು ಹೇಳ್ಬಾರ್ದು ಅಂತಿದ್ದೆ," ಎಂದಳು. ಕಣ್ಣು ತಗ್ಗಿಸಿದ್ದಳು. "ಲತೋಫತ್ ಅಕ್ಕ ನನಗೆ ತಾಯಿ ಇದ್ದ ಹಾಗೆ. ಅವರಿಗೆ ಈಚೆಗೆ ಮರೆವು. ನನ್ನನ್ನ ಅವರು ಸಬೊ ಅಂತ ಕರೀತಾರೆ. ಹಿಂದಿನಿಂದ ಬಂದು ಕತ್ತು ಮುಟ್ಟಿ, ಸಬೊ ಏಳು ಅಂತಾರೆ. ಎಷ್ಟೋ ಸಲ. ನಾನು ಯಾರಿಗೂ ಹೇಳಿರ್ಲಿಲ್ಲ, ತಿದ್ದಲೂ ಇಲ್ಲ, ನೋವಾಗುತ್ತೆ ಅಂತ."

ಸಬೊ ಯಾರೆಂದು ಅಲ್ಲಿದ್ದ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಗೊತ್ತಿತ್ತು. ಅವಳ ಮಣ್ಣಿಗೆ ಹೋದವರೇ ಕೆಲವರಿದ್ದರು. ಒಬ್ಬ ಹೆಂಗಸು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಕಮೋಲ್ ಪಕ್ಕದವರಿಂದ ಕಿವಿಯಲ್ಲಿ ವಿಷಯ ತಿಳಿದುಕೊಂಡು, ಕನ್ನಡಕ ಇಳಿಸಿ, ಕ್ಷಮಿಸಿ ಎಂದು ಕೂತುಬಿಟ್ಟ. ಅಧ್ಯಕ್ಷರು ಚಿಕ್ಕ ಮಕ್ಕಳೊಡನೆ ಮಾತಾಡುವ ದನಿಯಲ್ಲಿ, ಅಕ್ಕ ಕೂತುಕೊಳ್ಳಲಿ, ದಣಿದಿದ್ದಾರೆ, ಯಾರಾದರೂ ನೀರು ಕೊಡಿ ಎಂದರು.

ಲತೋಫತ್ ಅಕ್ಕ ಕೂರಲಿಲ್ಲ. ನೀರಿನ ಲೋಟ ಹಿಡಿದು ಬಂದವನ ಕೈಯನ್ನು ಪಕ್ಕಕ್ಕೆ ಸರಿಸಿದರು. ಅವರು ಏನನ್ನೋ ಹೇಳಲು ಬಾಯಿ ತೆರೆದರು. ಏನು ಹೇಳಿದರೂ ಅದು ಮರೆವಿನವಳ ಮಾತಾಗುತ್ತದೆ ಎಂದು ಅಷ್ಟರಲ್ಲಿ ಅವರಿಗೆ ಅರ್ಥವಾದಂತಿತ್ತು. ಓಯ್ದಿನ್ ಅವರನ್ನು ನೋಡಿದಳು. ಆ ಮುಖದಲ್ಲಿ ಕೋಪವಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಇದ್ದದ್ದು ನಾಚಿಕೆ. ಗುಟ್ಟಾಗಿ ಮಾಡುತ್ತಿದ್ದ ಏನನ್ನೋ ಯಾರೋ ಬೀದಿಗೆ ತಂದರೆ ಆಗುವಂಥದ್ದು. ನಿಲುವಂಗಿಯ ಮುಂಭಾಗವನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು, ನಿಧಾನವಾಗಿ ಕೂತರು.

ಮಂಡಳಿ ಗುಪ್ತ ಮತದಾನಕ್ಕೆಂದು ಒಳಕೋಣೆಗೆ ಹೋಯಿತು. ಓಯ್ದಿನ್ ಹಜಾರದಲ್ಲಿ ನಿಂತಿದ್ದಾಗ ಬೋತಿರನ ಫೋನು ಬಂತು. ಕ್ಯಾರೆಟ್ಟು, ಮಾಂಸ ಎಲ್ಲ ಬೆಂದು ಕೂತಿದೆ, ಬಾಣಸಿಗ ಒಂದೇ ಸಮನೆ ಕೇಳುತ್ತಿದ್ದಾನೆ ಎಂದ. "ಏನಾಯ್ತಮ್ಮ, ಅಕ್ಕಿ ಹಾಕಿಸ್ಲಾ, ಬೇಡ್ವಾ? ಹಾಕಿದ್ಮೇಲೆ ತೆಗೆಯೋಕಾಗಲ್ಲ."

ಮತಪೆಟ್ಟಿಗೆ ಇನ್ನೂ ತೆರೆದಿರಲಿಲ್ಲ. ತೆರೆದ ಬಾಗಿಲಿನಿಂದ ಸಭಾಂಗಣದೊಳಗೆ ಕಾಣುತ್ತಿತ್ತು. ಅಕ್ಕನ ಎರಡೂ ಪಕ್ಕದ ಕುರ್ಚಿಗಳು ಖಾಲಿಯಾಗಿದ್ದವು.

"ಹಾಕ್ಸಣ್ಣ," ಎಂದಳು ಓಯ್ದಿನ್.

ಚೀಟಿಗಳೆಲ್ಲ ಪರವಾಗಿಯೇ ಇದ್ದವು.

ಚಹಾಮನೆಯಲ್ಲಿ ಚಿನಾರ್ ಮರದ ಕೆಳಗೆ ಉದ್ದದ ಮೇಜು ಹಾಕಿದ್ದರು. ಅಕ್ಕ ಮನೆಗೆ ಹೋಗುತ್ತಾರೆ ಎಂದು ಓಯ್ದಿನ್ ಎಣಿಸಿದ್ದಳು. ಆದರೆ ಇಬ್ಬರು ಹೆಂಗಸರು ಅವರನ್ನು ಆಚೀಚೆ ತೋಳು ಹಿಡಿದು ಕರೆತಂದರು. ಬೆಳಿಗ್ಗೆ ತಾವೇ ಬಸ್ಸು ಹತ್ತಿ ಬಂದವರನ್ನು ಈಗ ಮೆಟ್ಟಿಲು ಇದೆ ನೋಡಿಕೊಳ್ಳಿ ಎಂದು ಎಚ್ಚರಿಸುತ್ತಿದ್ದರು. ಊರಿನಲ್ಲಿ ಅವರ ನಾಲಿಗೆಗೆ ಹೆದರಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಅವರ ಭುಜ ತಟ್ಟಿ ಹೋದರು. ಅವರ ಟೀಕೆಯಿಂದ ಒಮ್ಮೆ ಅತ್ತಿದ್ದ ಗುಮಾಸ್ತೆಯೊಬ್ಬಳು ಬಟ್ಟಲು ಮುಂದಿಟ್ಟು, "ಅಕ್ಕ, ಇದು ಚಹಾ. ಬಿಸಿ ಇದೆ. ಚ-ಹಾ," ಎಂದಳು. ಅವಳ ದನಿಯಲ್ಲಿ ಕರುಣೆ ಇತ್ತು, ಕರುಣೆಯ ಒಳಗೆ ಬಹಳ ದಿನದ ಹಸಿವು ತೀರಿದ ತೃಪ್ತಿಯೂ ಇತ್ತು. ಅಕ್ಕ ಚಹಾ ಕುಡಿದರು.

ಎರ್ಗಾಶ್ ದೊಮ್ಲಾ ಬಟ್ಟಲು ಹಿಡಿದು ಎದ್ದರು. ಈಗ ಅವರ ಮಾತಿಗೆ ಕಡಿವಾಣವಿರಲಿಲ್ಲ. ನನ್ನ ಶಿಷ್ಯೆ, ನನ್ನ ಮಗಳು, ನಮ್ಮ ಗುಮ್ಮಟದ ಬೆಳಕು ಎಂದೆಲ್ಲ ಹೇಳಿ, ಇನ್ನೊಂದು ಸಿಹಿ ಸುದ್ದಿ ಎಂದರು. ಫಲಕದ ಕೋಣೆಯನ್ನು ಖಾಲಿ ಮಾಡಿ ಕಂಪ್ಯೂಟರ್ ಕೋಣೆ ಮಾಡಲು ಬಹಳ ದಿನದಿಂದ ಯೋಚನೆಯಿತ್ತು, ಹಳೆಯ ಗಾಜು ಬೇಕಾಗಬಹುದು ಎಂದು ಸುಮ್ಮನಿದ್ದೆವು. ಅವುಗಳ ಮೇಲೆ ಬರೆದಿರುವ ಹೊತ್ತನ್ನು ನೆಚ್ಚುವ ಹಾಗಿಲ್ಲ ಎಂದು ಇವತ್ತು ಎಲ್ಲರೂ ಕಂಡೆವು. ಹೊತ್ತು ಗೊತ್ತಿಲ್ಲದ ಚಿತ್ರ ಯಾವ ಕೆಲಸಕ್ಕೆ? ಬಿಸಿನೀರು, ಸೋಡಾ ಹಾಕಿ ತಿಕ್ಕಿದರೆ ಒಳ್ಳೆಯ ಗಾಜು, ಕೃಷಿ ಶಾಲೆಯವರು ಸೌತೆಸಸಿ ಬೆಳೆಸುವ ಪೆಟ್ಟಿಗೆಗಳಿಗೆ ಕೇಳಿದ್ದಾರೆ. ಹೊಸ ಕೋಣೆಗೆ ಓಯ್ದಿನ್ ಮುಖ್ಯಸ್ಥೆ. ಹಳೆಯದನ್ನು ವಿಲೇವಾರಿ ಮಾಡಿ ರುಜು ಹಾಕುವುದೂ ಅವಳ ಕೈಯಿಂದಲೇ ಆಗಲಿ.

"ಏನಂತೀಯಾ, ಮಗಳೇ?"

ಓಯ್ದಿನ್ ಎದ್ದು ನಿಂತಿದ್ದಳು. ಫಲಕಗಳ ಹೊತ್ತು ಸರಿಯಾಗಿದೆ, ಇಟ್ಟುಕೊಳ್ಳೋಣ ಎನ್ನಬೇಕಾದರೆ, ಮೂರನೆಯ ನಕ್ಷತ್ರ ಸುಳ್ಳು ಎನ್ನಬೇಕು. ನಕ್ಷತ್ರ ನಿಜ ಎನ್ನಬೇಕಾದರೆ, ಮುಂದೆ ಎಂದಾದರೂ ಯಾರಾದರೂ ಕಮೋಲನಂಥವನು ಮಸೂರದಲ್ಲಿ ಕಣ್ಣಿಟ್ಟು ಉದ್ದುದ್ದ ಚುಕ್ಕೆಯೊಂದನ್ನು ಹುಡುಕದ ಹಾಗೆ ಆಗಬೇಕು. ತಾನು ಇನ್ನು ಬದುಕಿರುವವರೆಗೂ ಮಾಡಬೇಕೆಂದುಕೊಂಡಿದ್ದ ಕೆಲಸವೆಲ್ಲ ಆ ಕಪಾಟುಗಳಲ್ಲಿತ್ತು. ಮೇಜಿನ ಆ ತುದಿಯಿಂದ ಕಮೋಲ್ ಅವಳನ್ನೇ ನೋಡುತ್ತಿದ್ದ. ಅವನಿಗೆ ಅನುಮಾನ ಬಂದಿತ್ತೋ, ಸುಮ್ಮನೆ ನೋಡುತ್ತಿದ್ದನೋ.

"ಸರಿ, ದೊಮ್ಲಾ," ಎಂದಳು.

ಎಲ್ಲರೂ ಕುಡಿದರು. ಅದೇ ಹೊತ್ತಿಗೆ ಬೋತಿರ್ ದೊಡ್ಡ ಹರಿವಾಣದಲ್ಲಿ ಪಲಾವ್ ಹೊತ್ತು ತಂದ. ಅಕ್ಕಿ ಒಂದೊಂದಾಗಿ ಬಿಡಿಬಿಡಿಯಾಗಿ ಅರಳಿತ್ತು, ಮೇಲೆ ಕುರಿಮಾಂಸ, ಇಡೀ ಬೆಳ್ಳುಳ್ಳಿ ಗೆಡ್ಡೆ. ಅಧ್ಯಕ್ಷರು ಇಂಥ ಪಲಾವ್ ತಿಂದು ವರ್ಷಗಳಾದವು ಎಂದರು. ಮೊದಲ ತುತ್ತನ್ನು ಹಿರಿಯರೊಬ್ಬರು ತಮ್ಮ ಕೈಯಿಂದ ಪದವಿ ಪಡೆದವಳಿಗೆ ತಿನ್ನಿಸಬೇಕು. ಅದು ದೊಡ್ಡ ಮರ್ಯಾದೆ, ಬೇಡ ಎನ್ನುವ ಹಾಗಿಲ್ಲ. ದೊಮ್ಲಾ ತೋಳು ಮಡಚುತ್ತಿದ್ದರು. ಅಷ್ಟರಲ್ಲಿ ಲತೋಫತ್ ಅಕ್ಕ ಮಖಮಲ್ಲಿನ ತೋಳನ್ನು ಮೇಲಕ್ಕೆ ಸರಿಸಿಕೊಂಡು ಎದ್ದು ಬಂದರು. ಯಾರೂ ತಡೆಯಲಿಲ್ಲ. ಪಾಪ, ಆಸೆಪಡುತ್ತಿದ್ದಾರೆ, ಬಿಡಿ ಎಂದರು.

ಅಕ್ಕ ಬೆರಳುಗಳಿಂದ ಅನ್ನವನ್ನು ಹರಿವಾಣದ ಅಂಚಿಗೆ ಒತ್ತಿ ಒತ್ತಿ ತುತ್ತು ಕಟ್ಟಿದರು. ಮೇಲೆ ಮಾಂಸದ ತುಂಡು ಇಟ್ಟರು. ಕೈ ಸ್ವಲ್ಪವೂ ನಡುಗಲಿಲ್ಲ. ಗಾಜಿನ ಫಲಕವನ್ನು ಕತ್ತಲಲ್ಲಿ ಗೆರೆಯಾಗದಂತೆ ಜಾರಿಸುತ್ತಿದ್ದ ಕೈ ಅದು.

"ಬಾಯಿ ತೆಗಿ, ಓಯ್ದಿನ್."

"ನೋಡಿ, ಗುರುತು ಹಿಡಿದ್ರು," ಎಂದಳು ಗುಮಾಸ್ತೆ. ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಓಯ್ದಿನ್ ಬಾಯಿ ತೆಗೆದಳು. ತುತ್ತು ದೊಡ್ಡದಾಗಿತ್ತು, ಬಿಸಿಯಾಗಿತ್ತು, ಬಾಯಿ ಪೂರ್ತಿ ತುಂಬಿತು. ಅಕ್ಕ ಅವಳ ತುಟಿಯ ಅಂಚಿಗೆ ಅಂಟಿದ ಒಂದು ಅಗುಳನ್ನು ಹೆಬ್ಬೆರಳಿನಿಂದ ಒರೆಸಿದರು. ಇನ್ನೊಂದು ಅಂಗೈ ಅಭ್ಯಾಸದಿಂದ ಅವಳ ಕತ್ತಿನ ಕಡೆಗೆ ಏಳುತ್ತಿದ್ದದ್ದು ಅರ್ಧಕ್ಕೇ ನಿಂತು, ವಾಪಸ್ ಹೋಯಿತು. ಆಮೇಲೆ ಎಲ್ಲರಿಗೂ ಕೇಳುವಂತೆ, ಗಂಟೆ ಎಷ್ಟು ಎಂದು ಕೇಳಿದರು.

ಮೇಜಿನ ಸುತ್ತ ಸಣ್ಣಗೆ ನಿಟ್ಟುಸಿರು ಎದ್ದಿತು. ಓಯ್ದಿನ್ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಕೈಗಡಿಯಾರ ನೋಡಿದಳು. ಎರಡು ಎಂದು ಬೆರಳು ತೋರಿಸಿದಳು. ಅದೂ ಸಾಲದೆ, ಮರೆವಿನವರಿಗೆ ಹೇಳುವ ಹಾಗೆ ಇನ್ನೊಮ್ಮೆ ಅಕ್ಕನ ಮುಖದ ಹತ್ತಿರ ಹಿಡಿದು ತೋರಿಸಿದಳು, ಎಲ್ಲರೂ ನೋಡುತ್ತಿದ್ದರಲ್ಲ.

"ಆಗ್ಲಿ," ಎಂದರು ಅಕ್ಕ. "ಇನ್ಮೇಲೆ ನೀನು ಎಷ್ಟು ಅಂತೀಯೋ ಅಷ್ಟೇ."

ಕೈಯನ್ನು ನಿಧಾನವಾಗಿ ಬಟ್ಟೆಗೆ ಒರೆಸಿಕೊಂಡು ತಮ್ಮ ಜಾಗಕ್ಕೆ ಹೋಗಿ ಕೂತರು. ಪಲಾವ್ ಎಲ್ಲರಿಗೂ ಬಡಿಸಲಾಯಿತು. ಓಯ್ದಿನ್ ಬಾಯಲ್ಲಿದ್ದುದನ್ನು ಅಗಿಯುತ್ತ ನಿಂತೇ ಇದ್ದಳು. ಅಗಿದಷ್ಟೂ ಅದು ಮುಗಿಯುತ್ತಿರಲಿಲ್ಲ. ಅಕ್ಕಿ ಹೇಗಾಗಿದೆ ಎಂದು ಬೋತಿರ್ ಅತ್ತ ಕಡಾಯಿಯ ಹತ್ತಿರದಿಂದ ಕೈಸನ್ನೆಯಲ್ಲಿ ಕೇಳಿದಾಗ, ಚೆನ್ನಾಗಿದೆ ಎಂದು ತಲೆಯಾಡಿಸಿದಳು.